ಮಧ್ಯಾಹ್ನ ಬಾಯ್ಲರ್ ಇಳಿಸಿದರೆ ಉಗಿ ಎಲ್ಲಿಂದ ತರುತ್ತೀರಿ?

ಮುಂಬೈಯ ನಮ್ಮ ಚೆಂಬೂರಿನ ಮಗ್ಗುಲಲ್ಲೇ, ಟ್ರಾಂಬೆಯಲ್ಲಿ, ಕಲ್ಲಿದ್ದಲಿನ 500 ಮೆಗಾವ್ಯಾಟ್ ಘಟಕವೊಂದಿದೆ. ಇಂಥ ಘಟಕಗಳಿಗೆ ಹೊಗೆಯಿಂದ ಕಾರ್ಬನ್ ಹಿಡಿಯುವ ಸ್ಥಾವರ ಜೋಡಿಸಿ, ಸೋಲಾರ್ ಉಕ್ಕುವ ಮಧ್ಯಾಹ್ನ 40%ಕ್ಕೆ ಇಳಿಸಿ, ಸಂಜೆ ಪೂರ್ತಿ ಏರಿಸಿ ಅನ್ನುವವರು ಈಗ ಬಹಳ. ಲೆಕ್ಕಕ್ಕೆ ಕೂತರೆ ಉಗಿ ಸಾಲುವುದಿಲ್ಲ.

ಅಷ್ಟು ದೊಡ್ಡ ಘಟಕ ಪೂರ್ತಿ ಓಡುವಾಗ ಗಂಟೆಗೆ ಸುಮಾರು 450 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 90% ಹಿಡಿದರೆ 400 ಟನ್. 30% ಎಂಇಎ (ಮೊನೊಎಥನಾಲಮೈನ್ ಎಂಬ ಅಮೈನ್) ದ್ರಾವಣ ಅದನ್ನು 40 ಡಿಗ್ರಿಯಲ್ಲಿ ಹೀರಿ, ಅನಿಲ ಬಿಡಿಸುವ ಗೋಪುರವಾದ ಸ್ಟ್ರಿಪ್ಪರ್‌ನಲ್ಲಿ 120 ಡಿಗ್ರಿಗೆ ಕಾಯಿಸಿದಾಗ ಬಿಟ್ಟುಕೊಡುತ್ತದೆ. ಟನ್ನಿಗೆ 3.6 ಗಿಗಾಜೂಲ್ ಶಾಖ ಅಂದರೂ ಗಂಟೆಗೆ 650 ಟನ್ ಉಗಿ ಬೇಕು. ಎಲ್‌ಪಿ (ಕಡಿಮೆ ಒತ್ತಡದ) ಟರ್ಬೈನಿಗೆ ಹೋಗುವುದೇ ಹೆಚ್ಚುಕಡಿಮೆ 1,100 ಟನ್. ಅರ್ಧಕ್ಕಿಂತ ಹೆಚ್ಚು ಇದಕ್ಕೇ ಹೋಯಿತು.

ಅದಕ್ಕೇ ಟ್ಯಾಂಕಿನ ಉಪಾಯ. ವಿದ್ಯುತ್ತಿಗೆ ಉಗಿ ಪೂರ್ತಿ ಬೇಕಾದ ಸಂಜೆ ಎರಡು ಗಂಟೆ ಸ್ಟ್ರಿಪ್ಪರ್ ಉಗಿ ಬಂದ್ ಮಾಡಿ, ಹೀರಿಕೊಂಡ ದ್ರಾವಣವನ್ನು ತುಂಬಿಟ್ಟು, ಮರುದಿನ ಬಿಸಿಲ ಹೊತ್ತಿನಲ್ಲಿ ಉಗಿಯಿಂದ ಕಾಯಿಸುವುದು. ಒಂದು ಟನ್ ಹಿಡಿಯಲು ಸುಮಾರು 18 ಟನ್ ದ್ರಾವಣ ಬೇಕಾದ್ದರಿಂದ ಎರಡು ಗಂಟೆಗೆ 15,000 ಘನ ಮೀಟರ್ ಹತ್ತಿರ ಆಗುತ್ತದೆ. 36 ಮೀಟರ್ ಅಗಲ, 15 ಮೀಟರ್ ಎತ್ತರದ ಟ್ಯಾಂಕು. ಅನಿಲ ಬಿಟ್ಟುಕೊಟ್ಟ ದ್ರಾವಣಕ್ಕೆ ಅಂಥದ್ದೇ ಇನ್ನೊಂದು. ಸಮುದ್ರಕ್ಕೂ ರಿಫೈನರಿಗಳಿಗೂ ನಡುವೆ ಜಾಗ ಎಲ್ಲಿ ಅಂತ ಬೇರೆಯಾಗಿ ಜಗಳವಾಡಬಹುದು.

ಮರುದಿನ 40%ರಲ್ಲಿ ಎಲ್‌ಪಿಗೆ ಬರುವುದು ಗಂಟೆಗೆ 440 ಟನ್ ಉಗಿ. ಆ ಹೊತ್ತಿನ ಹೊಗೆಗೇ 260 ಬೇಕು. ಕೊನೆಯ ಸಾಲಿನ ಬ್ಲೇಡುಗಳು ಬಿಸಿಯಾಗದಂತೆ ನೂರರಷ್ಟಾದರೂ ಹರಿಯಲೇಬೇಕು. ಉಳಿದದ್ದು 80. ಹಿಂದಿನ ಸಂಜೆಯ ಬಾಕಿ ತೀರಿಸಲು ಬೇಕಾದದ್ದು 1,300 ಟನ್, ಅಂದರೆ 16 ಗಂಟೆ! ಇದರ ಮೇಲೆ, ಎಲ್‌ಪಿಗೆ ಉಗಿ ಒಯ್ಯುವ, ಸ್ಟ್ರಿಪ್ಪರಿಗೂ ಉಗಿ ಕೊಡುವ ಕ್ರಾಸ್‌ಓವರ್ ಪೈಪಿನ ಒತ್ತಡ ಲೋಡಿನ ಜೊತೆಗೇ ಇಳಿಯುತ್ತದೆ: 3.5 ಬಾರ್ ಇದ್ದದ್ದು 1.4. ಆ ಒತ್ತಡದ ಉಗಿ 109 ಡಿಗ್ರಿಯಲ್ಲೇ ನೀರಾಗುತ್ತದೆ, ಅದರಿಂದ 120 ಡಿಗ್ರಿಯ ದ್ರಾವಣ ಕುದಿಯುವುದುಂಟೇ? ಎಲ್‌ಪಿ ಬಾಯಿಗೆ ಹರಿವು ಬಿಗಿಹಿಡಿಯುವ ಥ್ರಾಟಲ್ ವಾಲ್ವ್ ಹಾಕಿ ಒತ್ತಡ ಹಿಡಿದಿಡಬೇಕು. ಅದಕ್ಕೆ ತೆರುವ ಬೆಲೆ ವಿದ್ಯುತ್ತಿನಲ್ಲೇ.

ನನ್ನ ಮಾತು ಇಷ್ಟೆ: ಬಾಯ್ಲರನ್ನು 60%ರಲ್ಲೇ ಬಿಡಿ. ಆಗ ಬಾಕಿಗೆಂದು ಗಂಟೆಗೆ 170 ಟನ್ ಉಗಿ ಉಳಿಯುತ್ತದೆ, ಏಳೆಂಟು ಗಂಟೆಯ ಬಿಸಿಲಲ್ಲಿ ಟ್ಯಾಂಕು ಖಾಲಿ. ಉಗಿ ತೆಗೆದದ್ದಕ್ಕೆ 75, ಹಿಡಿದ ಅನಿಲವನ್ನು ಒತ್ತುವ ಕಂಪ್ರೆಸರಿಗೆ 35 ಮೆಗಾವ್ಯಾಟ್ ಕಳೆದರೆ 300ರಲ್ಲಿ ಹೊರಬೀಳುವುದು 190. ಗ್ರಿಡ್‌ಗೆ ಅದು 40%ಕ್ಕಿಂತ ಕಡಿಮೆಯೇ. ಬಾಯ್ಲರಿನ ಡ್ರಮ್ಮು, ಹೆಡರುಗಳ (ಉಗಿ ಕೂಡುವ ಕೊಳವೆಗಳ) ದಪ್ಪ ಉಕ್ಕು ದಿನಾ ಹಿಗ್ಗಿ ಕುಗ್ಗಿ ಬಿರುಕುಬಿಡುವ ಭಯ ಕಡಿಮೆ. ಉರಿ ಹಿಡಿದಿಡಲು ಎಣ್ಣೆ ಸುಡುವ ಗೋಜೂ ಇಲ್ಲ. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಮೂರು ಗಂಟೆಗೆ ಗಿರಾಕಿ ಇಲ್ಲವೆಂದು ಒಲೆ ಆರಿಸುತ್ತಾರೆಯೇ? ಸಂಜೆಯ ಸಾಂಬಾರಿಗೆ ಬೇಳೆ ಇಡುತ್ತಾರೆ.

ಮಧ್ಯಾಹ್ನ ಹೆಚ್ಚು ಕಲ್ಲಿದ್ದಲು ಸುಡುತ್ತದೆ, ನಿಜ. ಹಿಡಿದ ಅನಿಲಕ್ಕೆ ನೆಲೆಯೇ ಇಲ್ಲದಿದ್ದರೆ ಇದೆಲ್ಲ ವ್ಯರ್ಥ ಕಸರತ್ತು.

ಇನ್ನು ದ್ರಾವಣದ ಆರೋಗ್ಯ. ಕೆನಡಾದಲ್ಲಿ 2014ರಲ್ಲಿ ಶುರುವಾದ ಬೌಂಡರಿ ಡ್ಯಾಮ್ ಎಂಬ ಕಾರ್ಬನ್ ಹಿಡಿಯುವ ಸ್ಥಾವರ ಮೊದಲ ವರ್ಷಗಳಲ್ಲಿ ಕೈಸುಟ್ಟುಕೊಂಡದ್ದು ಹಾರುಬೂದಿಯಿಂದ, ಕೆಟ್ಟ ಅಮೈನಿನಿಂದ. ಎಂಇಎಗೆ ಬರುವ ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ 10 ಪಿಪಿಎಂ ಒಳಗಿರಬೇಕು, ಲೋಡ್ ಏರಿಳಿಸುವಾಗಲೇ ಅದು ಕೈತಪ್ಪುವುದು. ಆಗ ಕಾಯಿಸಿದರೂ ಬಿಡದ ಲವಣಗಳು ಕೂತು ದ್ರಾವಣದ ಹೀರುವ ಶಕ್ತಿ ಕುಗ್ಗುತ್ತದೆ. ಟ್ಯಾಂಕಿಗೆ ತುಂಬುವ ಮುಂಚೆ ದ್ರಾವಣವನ್ನು 40 ಡಿಗ್ರಿಯ ಆಸುಪಾಸಿಗೆ ತಣಿಸಿ, ಮೇಲೆ ನೈಟ್ರೋಜನ್ ಹೊದಿಸಿ, ವಾರಕ್ಕೊಮ್ಮೆಯಾದರೂ ಲವಣದ ಪ್ರಮಾಣ ಅಳೆಯಿಸಿ.