ಜಿ54 ಅಕ್ಷದ ದಿಕ್ಕನ್ನು ಸರಿಮಾಡುವುದಿಲ್ಲ: ಒಂದು ಸ್ಪಷ್ಟನೆ

"ಕ್ಯಾಮ್‌ನಲ್ಲಿ ಡಬ್ಲ್ಯೂಸಿಎಸ್ ಹೇಗಿದ್ದರೂ ನಡೆಯುತ್ತೆ, ಮಷಿನ್ ಮೇಲೆ ಜಿ54 ತಗೊಂಡರೆ ಎಲ್ಲ ಸರಿಹೋಗುತ್ತೆ" ಎಂಬ ಮಾತು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಲಂಬ ಮಿಲ್ಲಿಂಗ್ ಮಷಿನ್) ಕಲಿಯುವವರ ನಡುವೆ ಓಡಾಡುತ್ತಿದೆ. ಕ್ಯಾಮ್ ಎಂದರೆ ಮಾಡೆಲ್‌ನಿಂದ ಟೂಲ್ ಓಡುವ ದಾರಿಯನ್ನು ತಯಾರಿಸುವ ಸಾಫ್ಟ್‌ವೇರ್. ಡಬ್ಲ್ಯೂಸಿಎಸ್ ಎಂದರೆ ಅದರಲ್ಲಿ ಜಾಬ್‌ಗೆ (ಕತ್ತರಿಸುವ ತುಂಡಿಗೆ) ಕೊಡುವ ಸೊನ್ನೆ ಬಿಂದು ಮತ್ತು ಅಕ್ಷಗಳ ದಿಕ್ಕು. ಜಿ54 ಎಂದರೆ ಜಾಬ್‌ನ ಸೊನ್ನೆ ಎಲ್ಲಿದೆ ಎಂದು ಮಷಿನ್‌ಗೆ ತಿಳಿಸುವ ಕೋಡ್. ದಯವಿಟ್ಟು ಆ ಮಾತನ್ನು ನಂಬಿ ಸೈಕಲ್ ಸ್ಟಾರ್ಟ್ (ಪ್ರೋಗ್ರಾಂ ಓಡಿಸುವ ಬಟನ್) ಒತ್ತಬೇಡಿ.

ಫನೂಕ್ ಮಾದರಿಯ ಕಂಟ್ರೋಲ್‌ನಲ್ಲಿ ಜಿ54 ಎಂದರೆ ಎಕ್ಸ್, ವೈ, ಝಡ್ ಆಫ್‌ಸೆಟ್‌ಗಳಷ್ಟೇ, ಅಂದರೆ ಮಷಿನ್‌ನ ಸೊನ್ನೆಯಿಂದ ಜಾಬ್‌ನ ಸೊನ್ನೆಗಿರುವ ದೂರಗಳು. ಅದು ಸೊನ್ನೆ ಬಿಂದುವನ್ನು ಸರಿಸುತ್ತದೆ, ಅಕ್ಷವನ್ನು ತಿರುಗಿಸುವುದಿಲ್ಲ. ಸೈಮೆನ್ಸ್ ಕಂಟ್ರೋಲ್‌ನ ಜಿ54ರಲ್ಲಿ ತಿರುವನ್ನೂ ಕೊಡಬಹುದು, ಅದು ಬೇರೆ ವಿಷಯ.

150 ಮಿ.ಮೀ. ಉದ್ದ, 60 ಮಿ.ಮೀ. ಅಗಲದ ಪ್ಲೇಟ್ ಇದೆ ಎನ್ನಿ. ಮಾಡೆಲ್‌ನಲ್ಲಿ ಉದ್ದ ವೈ ಕಡೆಗಿದೆ, ಆದರೆ ವೈಸ್‌ನಲ್ಲಿ (ಜಾಬ್ ಬಿಗಿಹಿಡಿಯುವ ಸಾಧನ) ಜಾಬ್ ಎಕ್ಸ್ ಉದ್ದಕ್ಕೆ ಕೂತಿದೆ. ಮೂಲೆಯನ್ನು ಜಿ54 ಸೊನ್ನೆಯಾಗಿ ಎಷ್ಟೇ ನಿಖರವಾಗಿ ಹಿಡಿದರೂ ಟೂಲ್ ವೈ ದಿಕ್ಕಿನಲ್ಲಿ 150 ಓಡುತ್ತದೆ. ಜಾಬ್ ಇರುವುದು 60. ಮುಂದೆ ಇರುವುದು ವೈಸ್‌ನ ಜಾ (ಹಿಡಿಯುವ ದವಡೆ)! ಅಕ್ಷಗಳನ್ನು ತಿರುಗಿಸುವ ಕೋಡ್ ಜಿ68 ಹಾಕಿ 90 ಡಿಗ್ರಿ ತಿರುಗಿಸಬಹುದು, ನಿಜ. ಆದರೆ ಝಡ್ ಬಾಣವೇ ಅಡ್ಡ ಮಲಗಿದ್ದರೆ ಮೂರು ಅಕ್ಷದ ಮಷಿನ್‌ನಲ್ಲಿ ಅದಕ್ಕೆ ಮದ್ದಿಲ್ಲ. ವೈ ಅಕ್ಷ ಮೇಲ್ಮುಖವಾಗಿರುವ ಸ್ಟೆಪ್ ಫೈಲ್‌ಗಳಲ್ಲಿ (3ಡಿ ಮಾಡೆಲ್ ಫೈಲ್) ಆಗುವುದು ಇದೇ.

ಕ್ಯಾಮ್ ಸಾಫ್ಟ್‌ವೇರ್ ಫ್ಯೂಷನ್‌ನಲ್ಲಾದರೆ ಸೆಟಪ್ ತೆರೆದು, ಓರಿಯಂಟೇಶನ್‌ನಲ್ಲಿ ಝಡ್‌ಗೆ ಮೇಲಿನ ಮುಖವನ್ನೂ ಎಕ್ಸ್‌ಗೆ ವೈಸ್‌ನ ದವಡೆಗೆ ಸಮಾನಾಂತರವಾದ ಅಂಚನ್ನೂ ಆರಿಸಿ. ಝಡ್ ಬಾಣ ಸ್ಪಿಂಡಲ್ (ಟೂಲ್ ಹಿಡಿದು ತಿರುಗುವ ಭಾಗ) ಕಡೆಗಿರಲಿ, ಇಲ್ಲವಾದರೆ ಫ್ಲಿಪ್ ಮಾಡಿ. ವೈ ಬಲಗೈ ನಿಯಮದಂತೆ ತಾನಾಗಿ ಕೂರುತ್ತದೆ.

ಜಾಬನ್ನು ಮಗುಚಿ ಇನ್ನೊಂದು ಬದಿ ಕತ್ತರಿಸುವ ಎರಡನೇ ಸೆಟಪ್‌ನಲ್ಲಿ ಇನ್ನೂ ಎಚ್ಚರ ಬೇಕು. ಜಾಬನ್ನು ಎಕ್ಸ್ ಸುತ್ತ ಮಗುಚಿದರೆ ವೈ ತಿರುವುಮುರುವಾಗುತ್ತದೆ, ವೈ ಸುತ್ತ ಮಗುಚಿದರೆ ಎಕ್ಸ್. ಆಪರೇಟರ್ ಹೇಗೆ ಮಗುಚಬೇಕೆಂದು ಸೆಟಪ್ ಶೀಟ್‌ನಲ್ಲೇ ಬರೆದುಕೊಡಿ.