ಗೂಗಲ್‌ನಲ್ಲಿ ಪಾಯಿಂಟ್ ನೋಡೋರು

ಕೋಲಾರದ ಕಡೆ ಬೋರ್‌ವೆಲ್ ಕೊರೆಸುವ ಮುಂಚೆ ಪಾಯಿಂಟ್ ನೋಡುವವರನ್ನು ಕರೆಸುತ್ತಾರೆ. ಅವರು ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಹೊಲದ ತುಂಬ ನಡೆಯುತ್ತಾರೆ. ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ನೀರು ಬಂದರೆ ಕಾಯಿಯ ಮಹಿಮೆ. ಬರದಿದ್ದರೆ, "ಇನ್ನೂ ನೂರಡಿ ಹೋಗಬೇಕಿತ್ತು, ನೀವೇ ನಿಲ್ಲಿಸಿಬಿಟ್ರಿ." ಎರಡಕ್ಕೂ ದಕ್ಷಿಣೆ ಒಂದೇ.

ನಮ್ಮ ಭಾವ ಆ ಕಡೆ 20 ವರ್ಷದಿಂದ ಬೋರ್‌ವೆಲ್ ಏಜೆನ್ಸಿ ನಡೆಸುತ್ತಿದ್ದಾರೆ. ಇಂಥ ಕಾಯಿಗಳನ್ನು ನೂರಾರು ನೋಡಿದ್ದಾರೆ. 1,200 ಅಡಿ ಹೋದರೂ ಬರೀ ಧೂಳು ಎದ್ದ ಹೊಲಗಳನ್ನೂ ನೋಡಿದ್ದಾರೆ. ಯಾರ ಮಾತಿಗೂ ಸುಲಭಕ್ಕೆ ಮರುಳಾಗುವ ಆಸಾಮಿ ಅಲ್ಲ. ಅಂಥವರು ಹೋದ ವರ್ಷ, ಲ್ಯಾಪ್‌ಟಾಪ್ ಹಿಡಿದು ಬಂದ ಒಬ್ಬ ಹುಡುಗನ ಮುಂದೆ ಕೈಕಟ್ಟಿ ಕೂತರು.

ಹುಡುಗ ಎಸ್‌ಇಒ ಮಾಡುವವನು. ಅಂದರೆ, ಜನ ಗೂಗಲ್‌ನಲ್ಲಿ ಹುಡುಕಿದಾಗ ನಿಮ್ಮ ಅಂಗಡಿ ಮೇಲೆ ಕಾಣುವ ಹಾಗೆ ಮಾಡುವುದು ಅವನ ಕಸುಬು.

"ಸಾರ್, ನಿಮ್ಮ ವೆಬ್‌ಸೈಟ್ ಎಂಟನೇ ಪೇಜಲ್ಲಿದೆ."

"ಇದೆಯಲ್ಲಪ್ಪ, ಇರ್ಲಿ ಬಿಡು."

"ಎರಡನೇ ಪೇಜಿಗೇ ಯಾರೂ ಹೋಗಲ್ಲ ಸಾರ್. ಎಂಟನೇ ಪೇಜು ಅಂದ್ರೆ ಹೂತಿಟ್ಟ ಹಾಗೆ."

ಹೂತದ್ದನ್ನು ಮೇಲೆ ತರುವುದೇ ತಮ್ಮ ಹೊಟ್ಟೆಪಾಡಾದ್ದರಿಂದ ಭಾವನಿಗೆ ಇದು ಥಟ್ಟನೆ ಅರ್ಥವಾಯಿತು. ಎಷ್ಟು ದಿನ ಅಂದರು. ಆರು ತಿಂಗಳು ಕಾಯಬೇಕು ಅಂದ. ಗ್ಯಾರಂಟಿ ಏನು ಅಂದರು. ಗ್ಯಾರಂಟಿ ಯಾರೂ ಕೊಡಕ್ಕಾಗಲ್ಲ ಸಾರ್, ತಿಂಗಳ ದುಡ್ಡು ಮಾತ್ರ ಮೊದಲೇ ಅಂದ. ಹುಡುಗನ ಬಗ್ಗೆ ಸುಮ್ನೆ ಆಡಿಕೊಳ್ಳಬಾರದು, ಇದರಲ್ಲಿ ಅವನು ಸುಳ್ಳು ಹೇಳಲಿಲ್ಲ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಬರೆದುಕೊಂಡಿದೆ. ಅವನ ಬಾಯಿಂದ ನಾನು ಕೇಳಿದ ಕೊನೆಯ ನಿಜವೂ ಅದೇ.

ಬ್ಲಾಗ್ ಬರೆಯುವ ಕೆಲಸ ನನ್ನ ತಲೆಗೆ ಬಂತು. "ನೀನು ಹೇಗೂ ಏನೇನೋ ಬರೀತಿರ್ತೀಯ, ತಿಂಗಳಿಗೆ ನಾಲ್ಕು ಬರ್ಕೊಡಪ್ಪ" ಅಂದರು ಭಾವ. ಹಿಂದಿನಿಂದ ಅಕ್ಕನ ದನಿ ಕೇಳಿತು: "ಇಲ್ಲ ಅನ್ಬೇಡ್ವೋ."

ನಾನು ಮರ್ಯಾದೆಯಿಂದ ಒಂದು ಲೇಖನ ಬರೆದೆ. ಕೇಸಿಂಗ್ ಪೈಪ್ ಎಷ್ಟು ಅಡಿ ಬೇಕು, ಗಟ್ಟಿ ಬಂಡೆ ಸಿಗುವವರೆಗೂ ಅದನ್ನು ಯಾಕೆ ಇಳಿಸಬೇಕು, ಅದರಲ್ಲಿ ಜಿಪುಣತನ ಮಾಡಿದರೆ ಮಣ್ಣು ಕುಸಿದು ಮೋಟರ್ ಹೇಗೆ ಸಿಕ್ಕಿಕೊಳ್ಳುತ್ತದೆ ಅಂತ. ಭಾವನನ್ನು ಕೂರಿಸಿಕೊಂಡು ಕೇಳಿ ಕೇಳಿ ಬರೆದದ್ದು. ಹುಡುಗ ಅದಕ್ಕೆ ಕೆಂಪು ಬಣ್ಣ ಬಳಿದು ವಾಪಸ್ ಕಳಿಸಿದ. "ಮಾಹಿತಿ ಜಾಸ್ತಿ ಇದೆ ಸಾರ್. ಕೀವರ್ಡ್ ಕಮ್ಮಿ." ಕೀವರ್ಡ್ ಅಂದರೆ ಜನ ಹುಡುಕುವಾಗ ಟೈಪ್ ಮಾಡುವ ಪದ.

ಎರಡನೇ ಸಲ ಅವನು ಹೇಳಿದ ಹಾಗೇ ಬರೆದೆ. ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಂದರೆ ಹೀಗೆ: "ಕೋಲಾರದಲ್ಲಿ ಬೆಸ್ಟ್ ಬೋರ್‌ವೆಲ್ ಹುಡುಕುತ್ತಿದ್ದೀರಾ? ಕೋಲಾರದ ಬೆಸ್ಟ್ ಬೋರ್‌ವೆಲ್ ಎಂದರೆ ಕೋಲಾರದಲ್ಲಿ ಕೊರೆದ ಬೆಸ್ಟ್ ಬೋರ್‌ವೆಲ್. ಕೋಲಾರದ ಜನ ಕೋಲಾರದಲ್ಲಿ ಬೋರ್‌ವೆಲ್ ಕೊರೆಸುವಾಗ ಕೋಲಾರದ ಬೆಸ್ಟ್ ಬೋರ್‌ವೆಲ್ ಏಜೆನ್ಸಿಯನ್ನೇ ಕೋಲಾರದಲ್ಲಿ ಸಂಪರ್ಕಿಸುತ್ತಾರೆ."

ಅಕ್ಕ ಓದಿದಳು. "ಏನೋ ಇದು, ದೃಷ್ಟಿ ತೆಗೆಸೋಣ್ವಾ?" ಅಂದಳು.

ಹುಡುಗನಿಗೆ ಮಾತ್ರ ತುಂಬ ಇಷ್ಟವಾಯಿತು. ಹೀಗೆ ಪದ ತುರುಕುವುದನ್ನು ಗೂಗಲ್ ಎಷ್ಟೋ ವರ್ಷದಿಂದ ಮೋಸ ಅನ್ನುತ್ತಿದೆ. ಒಂದು ಕಾಲದಲ್ಲಿ ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಕೀವರ್ಡ್ ಬರೆದು ಬಚ್ಚಿಡುತ್ತಿದ್ದರು. ಜನಕ್ಕೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ಸಣ್ಣಪುಟ್ಟವರು ಮಾತ್ರ ಇಂಥ ಕೆಲಸ ಮಾಡುತ್ತಿದ್ದರು ಅಂದುಕೊಳ್ಳಬೇಡಿ. ಬಿಎಂಡಬ್ಲ್ಯು ಕಂಪನಿಯ ಜರ್ಮನ್ ವೆಬ್‌ಸೈಟು ಯಂತ್ರಕ್ಕೊಂದು ಪುಟ, ಮನುಷ್ಯರಿಗೊಂದು ಪುಟ ಇಟ್ಟುಕೊಂಡು 2006ರಲ್ಲಿ ಸಿಕ್ಕಿಬಿತ್ತು. ಗೂಗಲ್ ಅದನ್ನು ಪಟ್ಟಿಯಿಂದಲೇ ತೆಗೆದುಹಾಕಿತು. ಅಷ್ಟು ದೊಡ್ಡ ಕಾರು ಮಾಡುವವರಿಗೂ ಜನ ತಮ್ಮನ್ನು ಹುಡುಕಿಕೊಂಡು ಬರುತ್ತಾರೆ ಅನ್ನುವ ನಂಬಿಕೆ ಇರಲಿಲ್ಲ ನೋಡಿ. ಕೆಲವೇ ದಿನದಲ್ಲಿ ವಾಪಸ್ ಸೇರಿಸಿಕೊಂಡರು ಅನ್ನುವುದು ಬೇರೆ ಮಾತು. ಭಾವನ ಏಜೆನ್ಸಿಯನ್ನು ತೆಗೆದುಹಾಕಿದರೆ ಯಾರು ಸೇರಿಸಿಕೊಳ್ಳುತ್ತಾರೋ ಗೊತ್ತಿಲ್ಲ.

ಮೊದಲ ತಿಂಗಳ ಬಿಲ್ಲಿನಲ್ಲಿ 'ಮೆಟಾ ಕೀವರ್ಡ್ ಸೆಟಪ್' ಅಂತ ಒಂದು ಸಾಲಿತ್ತು. ಪುಟದ ಹಿಂದೆ ಯಂತ್ರಕ್ಕೆಂದೇ ಬರೆದಿಡುವ ಆ ಪದಗಳ ಪಟ್ಟಿಯನ್ನು ನಾವು ತಿರುಗಿಯೂ ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿತ್ತು. ಹುಡುಗ ಆಗ ಒಂದನೇ ಕ್ಲಾಸಿನಲ್ಲಿದ್ದಿರಬೇಕು. ಯಾರೋ ಅವನಿಗೆ ಹೇಳಿಕೊಟ್ಟಿದ್ದಾರೆ, ಅವರಿಗೆ ಇನ್ಯಾರೋ. ಮಂತ್ರ ಹೀಗೇ ತಾನೇ ಉಳಿದುಬರುವುದು?

ಆಮೇಲೆ 'ನಿಯರ್ ಮಿ' ಬಂತು. ಜನ 'ಬೋರ್‌ವೆಲ್ ನಿಯರ್ ಮಿ' ಅಂತ ಹುಡುಕುತ್ತಾರಂತೆ. ನ್ಯೂಯಾರ್ಕಿನಲ್ಲಿ ಒಂದು ಹೋಟೆಲಿನ ಹೆಸರೇ 'ಥಾಯ್ ಫುಡ್ ನಿಯರ್ ಮಿ'. ಇದು ನನ್ನ ಕಟ್ಟುಕಥೆಯಲ್ಲ, ಬೋರ್ಡೇ ಹಾಗಿದೆ. ಹುಡುಗ ಅದರ ಫೋಟೋ ತೋರಿಸಿ, ಏಜೆನ್ಸಿಯ ಹೆಸರು ಬದಲಾಯಿಸೋಣ ಅಂದ. ಏಜೆನ್ಸಿ ಮನೆದೇವರ ಹೆಸರಲ್ಲಿದೆ. ಭಾವ ಮೊದಲ ಸಲ ಕಣ್ಣು ಕೆಂಪಗೆ ಮಾಡಿದರು. "ದೇವರಿಗಿಂತ ನಿಯರ್ ಯಾರಪ್ಪ ಇದಾರೆ?" ಹೆಸರು ಉಳಿಯಿತು.

ಬ್ಲಾಗ್ ಸಾಗಿತು. ಪ್ರತಿ ವಾರ ಒಂದು, ಪ್ರತಿಯೊಂದೂ 1,500 ಪದ. ಇಷ್ಟೇ ಪದ ಇರಬೇಕು ಅನ್ನುವ ನಿಯಮ ನಮ್ಮಲ್ಲಿಲ್ಲ ಎಂದು ಗೂಗಲ್ ಹೇಳುತ್ತಾ ಬಂದಿದೆ. ಹೇಳಲಿ ಬಿಡಿ. ದೇವರು ಬೇಡ ಅಂದರೂ ಪೂಜಾರಿ ಕೇಳಬೇಕಲ್ಲ! 'ಬೋರ್‌ವೆಲ್‌ನ 10 ಲಾಭಗಳು' ಬರೆದೆ. ನೀರು ಬರುತ್ತದೆ ಅನ್ನುವುದು ಒಂದು. ಉಳಿದ ಒಂಬತ್ತಕ್ಕೆ ಎರಡು ರಾತ್ರಿ ನಿದ್ದೆಗೆಟ್ಟೆ. 'ಪ್ರೇಮಿಗಳ ದಿನಕ್ಕೆ ಬೋರ್‌ವೆಲ್ ಉಡುಗೊರೆ' ಅನ್ನುವುದನ್ನೂ ಬರೆದೆ. ಆಳವಾದ ಪ್ರೀತಿ ಅಂತ ತಲೆಬರಹ ಕೊಟ್ಟೆ, ಅದರ ಪಾಪ ನನಗಿರಲಿ.

ಮೂರನೇ ತಿಂಗಳು ವೆಬ್‌ಸೈಟಿನ ಮೂಲಕ ವಿಚಾರಣೆ ಬರಲು ಶುರುವಾಯಿತು. ಒಟ್ಟು ಹದಿನಾಲ್ಕು. ಭಾವ ಅಕ್ಕನ ಕೈಲಿ ಪಾಯಸ ಮಾಡಿಸಿದರು. ತೆರೆದು ನೋಡಿದರೆ ಹದಿನಾಲ್ಕೂ ಬೇರೆ ಬೇರೆ ಎಸ್‌ಇಒ ಕಂಪನಿಗಳದ್ದು. "ಮಾನ್ಯರೇ, ನಿಮ್ಮ ವೆಬ್‌ಸೈಟ್ ಎಂಟನೇ ಪೇಜಿನಲ್ಲಿದೆ."

"ಬ್ಯಾಕ್‌ಲಿಂಕ್ ಇಲ್ಲ ಸಾರ್, ಅದಕ್ಕೇ" ಅಂದ ಹುಡುಗ.

ಅಂದರೆ, ಬೇರೆಯವರ ವೆಬ್‌ಸೈಟು ನಮ್ಮದಕ್ಕೆ ಕೊಡುವ ಲಿಂಕು. ಈ ಲಿಂಕಿನ ಕಥೆ ಸ್ವಾರಸ್ಯವಾಗಿದೆ. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಹೊಳೆದ ಐಡಿಯಾ. 1998ರಲ್ಲಿ ಗೂಗಲ್ ಕಂಪನಿ ಶುರುವಾಗಿದ್ದೇ ಅದರ ಮೇಲೆ. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದೊಂದು ವೋಟು ಇದ್ದ ಹಾಗೆ. ಜಾಸ್ತಿ ವೋಟು ಬಿದ್ದ ಪುಟ ಒಳ್ಳೆಯದು. ದೊಡ್ಡವರ ವೋಟಿಗೆ ತೂಕ ಜಾಸ್ತಿ. ಇದಕ್ಕೆ ಪೇಜ್‌ರ‍್ಯಾಂಕ್ ಅಂತ ಹೆಸರಿಟ್ಟರು. ಎಂಥ ಬುದ್ಧಿವಂತರು! ಆದರೆ ನಮ್ಮ ಗ್ರಾಮ ಪಂಚಾಯಿತಿ ಎಲೆಕ್ಷನ್ ಒಂದು ಸಲವೂ ನೋಡದವರಿಗೆ ಮಾತ್ರ ಇಂಥ ಐಡಿಯಾ ಹೊಳೆಯಲು ಸಾಧ್ಯ. ವೋಟು ಅಂದಮೇಲೆ ಅದಕ್ಕೊಂದು ರೇಟು ಇರುವುದಿಲ್ಲವೇ?

ಅಮೆರಿಕದಲ್ಲೂ ಆದದ್ದು ಅದೇ. ಜೆಸಿ ಪೆನ್ನಿ ಎಂಬ ದೊಡ್ಡ ಅಂಗಡಿ ಹಬ್ಬದ ಸೀಸನ್ನಿನಲ್ಲಿ ಗೂಗಲ್ ಹುಡುಕಾಟದಲ್ಲಿ ಬಟ್ಟೆಗೂ ಮೊದಲು, ಹಾಸಿಗೆಗೂ ಮೊದಲು, ಕಾರ್ಪೆಟ್ಟಿಗೂ ಮೊದಲು. 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೆದಕಿ ನೋಡಿದರೆ, ಬಟ್ಟೆಗೂ ತಮಗೂ ಸಂಬಂಧವೇ ಇಲ್ಲದ ಸಾವಿರಾರು ಪುಟಗಳು ಅದಕ್ಕೆ ಲಿಂಕ್ ಕೊಟ್ಟಿದ್ದವು. ಅಂಗಡಿಯವರು 'ನಮಗೇನೂ ಗೊತ್ತಿಲ್ಲ' ಅಂದು ಎಸ್‌ಇಒ ಕಂಪನಿಯನ್ನು ಕೆಲಸದಿಂದ ತೆಗೆದರು. ವೋಟಿಗೆ ದುಡ್ಡು ಹಂಚಿ ಸಿಕ್ಕಿಬಿದ್ದಾಗ ಅಭ್ಯರ್ಥಿ ತನ್ನ ಏಜೆಂಟನ್ನು ತೋರಿಸುತ್ತಾನಲ್ಲ, ಥೇಟ್ ಹಾಗೆ.

ನಮ್ಮ ಹುಡುಗ ತಂದ ವೋಟುಗಳ ಪಟ್ಟಿ ನೋಡಿದೆ. ಕೂದಲು ಉದುರುವುದಕ್ಕೆ ಎಣ್ಣೆ ಮಾರುವವರು ಒಬ್ಬರು. ಆನ್‌ಲೈನ್ ರಮ್ಮಿ ಒಂದು. ರಷ್ಯನ್ ಲಿಪಿಯಲ್ಲಿದ್ದದ್ದು ಏನೋ ಒಂದು. ಮದುವೆ ಸಂಬಂಧ ಕುದುರಿಸುವ ವೆಬ್‌ಸೈಟೂ ಇತ್ತು. ಅಲ್ಲಿ ಗೆಸ್ಟ್ ಪೋಸ್ಟ್ ಅಂತ ನನ್ನ ಹೆಸರಿನಲ್ಲೇ ಒಂದು ಲೇಖನ: 'ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯ ಬೋರ್‌ವೆಲ್ ನೋಡಿ.' ಕೋಲಾರದ ಮಟ್ಟಿಗೆ ಇದು ಒಳ್ಳೇ ಸಲಹೆಯೇ. ನಾನು ಬರೆದದ್ದಲ್ಲ ಅಷ್ಟೇ.

ಅವನು ಭಾವನಿಗೆ ಡೊಮೇನ್ ಅಥಾರಿಟಿ, ಅಂದರೆ ವೆಬ್‌ಸೈಟಿನ ತೂಕ ಹೇಳುವ ಅಂಕಿ, ತೋರಿಸಿದ. 4 ಇದ್ದದ್ದು 11 ಆಗಿದೆಯಂತೆ. ಈ ಅಂಕಿ ಗೂಗಲ್‌ನದಲ್ಲ, ಬೇರೆ ಕಂಪನಿಯವರು ತಮ್ಮ ಲೆಕ್ಕಕ್ಕೆ ಮಾಡಿಕೊಂಡದ್ದು. ಗೂಗಲ್ ಅದನ್ನು ಬಳಸುವುದಿಲ್ಲ. ಪಕ್ಕದ ಶಾಲೆಯ ಮಾರ್ಕ್ಸ್ ಕಾರ್ಡ್ ತೋರಿಸಿ ಮಗ ಪಾಸಾದ ಅಂದಂತೆ. ಹೇಳಹೊರಟೆ, ಆದರೆ ಭಾವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತ್ತು. ಸುಮ್ಮನಾದೆ.

ಐದನೇ ತಿಂಗಳು ಹೊಸ ಬಿಲ್ಲು ಬಂತು. ಕೆಟ್ಟ ಲಿಂಕುಗಳನ್ನು ತೆಗೆಸುವ ಚಾರ್ಜು. ಹೀಗೆ ಕೊಂಡ ಲಿಂಕುಗಳಿಗೆ ಬೆಲೆಯಿಲ್ಲ, ಅವು ಮುಳುವಾಗಲೂಬಹುದು ಎಂದು ಗೂಗಲ್ 2012ರ ಏಪ್ರಿಲ್‌ನಲ್ಲೇ ಪೆಂಗ್ವಿನ್ ಎಂಬ ಅಪ್‌ಡೇಟ್ ತಂದಿತ್ತು. ಅದೇ ವರ್ಷ, 'ಈ ಲಿಂಕು ನಮ್ಮದಲ್ಲ ಸ್ವಾಮಿ' ಅಂತ ಕೈತೊಳೆದುಕೊಳ್ಳಲು ಒಂದು ದಾರಿಯನ್ನೂ ಕೊಟ್ಟಿತು. ಹಾಗಾಗಿ ಹುಡುಗ ಲಿಂಕು ಹಾಕಿಸಲು ಒಂದು ಸಲ, ತೆಗೆಸಲು ಒಂದು ಸಲ ದುಡ್ಡು ತೆಗೆದುಕೊಂಡ. ಬೋರ್‌ವೆಲ್ ದಂಧೆಯಲ್ಲಿ ಈ ವಿದ್ಯೆ ಇಲ್ಲ. ಕೊರೆದ ತೂತನ್ನು ಮುಚ್ಚಲು ಅಡಿ ಲೆಕ್ಕದಲ್ಲಿ ದುಡ್ಡು ಕೇಳಿದರೆ ರೈತ ಕುಡುಗೋಲು ತೆಗೆಯುತ್ತಾನೆ.

ಈ ನಡುವೆ ನಾನು ಒಂದು ಮಾತು ಕೇಳಿದೆ. ಬೋರ್ ಕೊರೆಸುವವರು ರೈತರು, ಅವರು ಹುಡುಕುವುದು ಕನ್ನಡದಲ್ಲಿ ಅಥವಾ ತೆಲುಗಿನಲ್ಲಿ. ಫೋನಿಗೆ ಬಾಯಿ ಹತ್ತಿರ ತಂದು "ಬೋರಲ್ಲಿ ಮಣ್ಣು ಬರ್ತೈತೆ, ಏನ್ ಮಾಡ್ಬೇಕು" ಅಂತಾರೆ. ಅದಕ್ಕೆ ಉತ್ತರ ಬರೆಯೋಣ್ವಾ? ಹುಡುಗ ಯಾವುದೋ ಟೂಲ್ ತೆರೆದು ನೋಡಿದ. "ಸಾರ್, ಆ ಕೀವರ್ಡ್‌ಗೆ ವಾಲ್ಯೂಮ್ ಸೊನ್ನೆ." ಅದನ್ನು ಹುಡುಕುವವರೇ ಇಲ್ಲವಂತೆ. ಅಂದರೆ ಮಣ್ಣು ಬರುವ ಬೋರಿನ ಮುಂದೆ ಕೂತಿರುವ ರೈತ ಲೆಕ್ಕದ ಪ್ರಕಾರ ಭೂಮಿ ಮೇಲೆ ಇಲ್ಲ.

2021ರ ಜೂನ್ ನೆನಪಿದೆಯಾ? ಭಾರತದ ಅತಿ ಕೆಟ್ಟ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ ಕನ್ನಡ ಅಂತ ತೋರಿಸುತ್ತಿತ್ತು. ರಾಜ್ಯವೆಲ್ಲ ಉರಿದೆದ್ದಿತು. ಆಗ ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ನೋಟಿಸ್ ಕೊಡುತ್ತೇವೆ ಅಂದರು. ಗೂಗಲ್ ಕ್ಷಮೆ ಕೇಳಿತು. ನಾನೂ ಅವತ್ತು ರೊಚ್ಚಿನಲ್ಲಿ ಒಂದು ಸ್ಟೇಟಸ್ ಹಾಕಿದ್ದೆ. ಆದರೆ ಆ ಉತ್ತರ ಬಂದದ್ದು ಎಲ್ಲಿಂದ ಗೊತ್ತಾ? ಸಾಲ ತೀರಿಸುವ ವಿಷಯದ ಒಂದು ವೆಬ್‌ಸೈಟಿನಿಂದ. ಸಾಲದವರಿಗೆ ಕನ್ನಡದ ಗೊಡವೆ ಯಾಕೆ? ಪ್ರೇಮಿಗಳ ದಿನದ ಗೊಡವೆ ನಮ್ಮ ಭಾವನಿಗೆ ಯಾಕೋ ಅದಕ್ಕೇ. ಎಲ್ಲೋ ಯಾರೋ ಹುಡುಕುವ ಪದ, ಅದಕ್ಕೊಂದು ಪುಟ. ಬರೆದವನು ಕನ್ನಡದ ಒಂದಕ್ಷರವನ್ನೂ ಕೇಳಿರಲಿಕ್ಕಿಲ್ಲ. ನನ್ನಂಥ ಇನ್ನೊಬ್ಬ ಬಾಮೈದ ಇದ್ದರೂ ಇರಬಹುದು.

ಹುಡುಗ ಕೊನೆಗೆ ಕನ್ನಡ ಪುಟ ಮಾಡಿದ. ಇಂಗ್ಲಿಷ್ ಪುಟವನ್ನು ಯಂತ್ರದ ಬಾಯಿಗೆ ಹಾಕಿ ಕನ್ನಡವಾಗಿ ತೆಗೆದ. ಬೋರ್ ಮತ್ತು ವೆಲ್ ಬಿಡಿ ಬಿಡಿಯಾಗಿದ್ದವು ಅಂತ ಕಾಣುತ್ತೆ. ಪುಟದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಹೀಗೆ ಬಂತು: 'ನಾವು ಕೋಲಾರದಲ್ಲಿ ಅತ್ಯುತ್ತಮವಾಗಿ ಬೇಸರಪಡಿಸುತ್ತೇವೆ.' ಇಡೀ ಆರು ತಿಂಗಳಲ್ಲಿ ಆ ವೆಬ್‌ಸೈಟಿನಲ್ಲಿ ಪ್ರಕಟವಾದ ನಿಜವಾದ ವಾಕ್ಯ ಅದೊಂದೇ.

ಈಗ ಅವನಿಗೆ ನಾನೂ ಬೇಕಾಗಿಲ್ಲ. ಎಐ ಇದೆ, ಒಂದು ರಾತ್ರಿಗೆ ನಲವತ್ತು ಬ್ಲಾಗ್. ಹೀಗೆ ರಾಶಿ ರಾಶಿ ಸುರಿಯುವವರನ್ನು ಹಿಡಿಯುತ್ತೇವೆ ಅಂತ ಗೂಗಲ್ 2024ರ ಮಾರ್ಚ್‌ನಲ್ಲಿ ಹೊಸ ನಿಯಮ ತಂದಿತು. ಎರಡು ತಿಂಗಳಾದ ಮೇಲೆ ಅದರದ್ದೇ ಎಐ, ಪಿಜ್ಜಾದ ಚೀಸ್ ಜಾರದಿರಲು ಅಂಟು ಸೇರಿಸಿ ಅಂತ ಜನಕ್ಕೆ ಹೇಳಿಕೊಟ್ಟಿತು. ಯಂತ್ರ ಬರೆಯುತ್ತದೆ, ಯಂತ್ರ ಓದುತ್ತದೆ, ಯಂತ್ರವೇ ಉತ್ತರ ಹೇಳುತ್ತದೆ. ನಡುವೆ ಬಿಲ್ ಕಟ್ಟುವುದಕ್ಕೆ ಮಾತ್ರ ಮನುಷ್ಯ ಬೇಕು.

ಭಾವನಿಗೆ ಗಿರಾಕಿ ಬರುತ್ತಲೇ ಇದ್ದಾರೆ. ಮೊನ್ನೆ ನಾನಿದ್ದಾಗಲೇ ಮುಳಬಾಗಿಲಿನ ಹತ್ತಿರದಿಂದ ಒಬ್ಬರು ಫೋನ್ ಮಾಡಿದರು. ಭಾವ ಆಸೆಯಿಂದ ಕೇಳಿದರು, "ಗೂಗಲ್‌ನಲ್ಲಿ ನೋಡಿದ್ರಾ ಯಜಮಾನ್ರೇ?" ಆ ಕಡೆಯಿಂದ, "ಇಲ್ಲ ಸ್ವಾಮಿ, ಹೋದ ತಿಂಗಳು ನಿಮ್ಮ ಲಾರಿ ನಮ್ಮೂರ ಗೇಟಲ್ಲಿ ಕೆಟ್ಟು ಎರಡು ದಿನ ನಿಂತಿತ್ತಲ್ಲ. ಹಿಂದೆ ನಂಬರ್ ಬರೆದಿತ್ತು."

ಹೋದ ವಾರ ಹುಡುಗ ಬಂದಿದ್ದ. ಈ ಸಲ ಕೈಲಿ ಲ್ಯಾಪ್‌ಟಾಪ್ ಇರಲಿಲ್ಲ. ಊರಲ್ಲಿ ಅಪ್ಪನ ಬೋರ್ ಬತ್ತಿಹೋಗಿದೆಯಂತೆ, ಟೊಮೆಟೊ ಒಣಗುತ್ತಿದೆಯಂತೆ.

"ಪಾಯಿಂಟ್ ನೋಡಿಸಿದ್ರಾ?" ಅಂದರು ಭಾವ.

"ನೋಡ್ಸಿದೀವಿ ಸಾರ್. ಅಪ್ಪ ಕಾಯಿಯವ್ರನ್ನ ಕರೆಸಿದ್ರು. ನೀರು ಬರುತ್ತೆ ಅಂತ ಗ್ಯಾರಂಟಿ ಹೇಳ್ಬೋದಾ ಸಾರ್?"

ಭಾವ ಒಂದು ನಿಮಿಷ ಅವನ ಮುಖವನ್ನೇ ನೋಡಿದರು. ಆಮೇಲೆ ಡ್ರಾಯರ್‌ನಿಂದ ಬಿಲ್ ಪುಸ್ತಕ ತೆಗೆದು, ಕಾರ್ಬನ್ ಹಾಳೆ ಸರಿಮಾಡಿಕೊಂಡರು.

"ಮೊದಲನೇ ಪೇಜಲ್ಲೇ ಬರುತ್ತಾ, ಎಂಟನೇ ಪೇಜಿಗೆ ಹೋಗುತ್ತಾ, ಹೇಳಕ್ಕಾಗಲ್ಲಪ್ಪ" ಅಂದರು. "ದುಡ್ಡು ಮಾತ್ರ ಮೊದಲೇ."