ಪೊಟೆನ್ಶಿಯಲ್ 'ಎ', ಬ್ಯಾಟಿಂಗ್ ದೇವರೇ ಗತಿ

ನಮ್ಮ ಹುಡುಗ ಮತ್ತೆ ಸೊನ್ನೆ. ಯಾವ ಹುಡುಗ ಅಂತ ಕೇಳಬೇಡಿ. ಬೇಸ್‌ಬಾಲ್ ವಿಡಿಯೋ ಗೇಮಿನಲ್ಲಿ ಫ್ರಾಂಚೈಸ್ ಮೋಡ್ (ನಾವೇ ಮ್ಯಾನೇಜರ್ ಆಗಿ ವರ್ಷಗಟ್ಟಲೆ ತಂಡ ನಡೆಸೋದು) ಆಡುವ ಎಲ್ಲರ ತಂಡದಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ವಯಸ್ಸು 23, ಹೆಸರಿನ ಪಕ್ಕ ಪೊಟೆನ್ಶಿಯಲ್ 'ಎ', ಅಂದರೆ ಮುಂದೆ ದೊಡ್ಡ ಆಟಗಾರ ಆಗುತ್ತಾನೆ ಅಂತ ಗೇಮೇ ಕೊಟ್ಟ ಗ್ರೇಡು. ಬ್ಯಾಟಿಂಗ್ ಸರಾಸರಿ .187, ನೂರು ಸಲಕ್ಕೆ ಹತ್ತೊಂಬತ್ತು ಹಿಟ್ಟೂ ಇಲ್ಲ. ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್ ಎ ಲೀಗಿನಲ್ಲಿ ಬಿಟ್ಟರೆ ಹುಲಿ. ಮೇಲೆ ಕರೆಸಿ ಒಂದು ಸ್ಲೈಡರ್ (ಕೊನೆಗಳಿಗೆಯಲ್ಲಿ ಪಕ್ಕಕ್ಕೆ ತಿರುಗುವ ಎಸೆತ) ತೋರಿಸಿ ನೋಡಿ, ಉತ್ತರನ ಪೌರುಷ ಒಲೆ ಮುಂದೆ ಅಷ್ಟೇ.

ಆದರೂ ಕೈಬಿಡೋಕೆ ಮನಸ್ಸಿಲ್ಲ. 'ಎ' ಇದೆಯಲ್ಲ! ಎಂಥ ಸುಖ ನೋಡಿ, ಪರೀಕ್ಷೆಗೆ ಮೊದಲೇ ಮಾರ್ಕ್ಸ್ ಕಾರ್ಡು. ಪಾಪ, ಪ್ರತಿಭೆ ಹುಡುಕುವ ನಿಜವಾದ ಸ್ಕೌಟುಗಳಿಗೆ ಈ ಭಾಗ್ಯ ಇರಲಿಲ್ಲ. ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟಿನಲ್ಲಿ, 1988ರಲ್ಲಿ, 1,389 ಹೆಸರು ಕೂಗಿದ ಮೇಲೆ, 62ನೇ ಸುತ್ತಿನಲ್ಲಿ, ಮೈಕ್ ಪಿಯಾಝಾ ಅಂತ ಕೂಗಿದರು. ಅವನೀಗ ದಿಗ್ಗಜರ ಸಾಲಿನಲ್ಲಿ, ಹಾಲ್ ಆಫ್ ಫೇಮಿನಲ್ಲಿದ್ದಾನೆ. ನನ್ನ ಗೇಮಿನಲ್ಲಿ ಹುಟ್ಟಿದ್ದರೆ ಪೊಟೆನ್ಶಿಯಲ್ 'ಡಿ' ಅಂತ ನೋಡಿ ಮೊದಲ ದಿನವೇ ಮನೆಗೆ ಕಳಿಸುತ್ತಿದ್ದೆ.

ನಾನೇನು ಸುಮ್ನೆ ಕೂತಿಲ್ಲ. ಎರಡನೇ ಕ್ರಮಾಂಕದಿಂದ ಎಂಟಕ್ಕೆ ಇಳಿಸಿದೆ. ಜರ್ಸಿ ನಂಬರ್ ಬದಲಿಸಿದೆ. ನಿಂತುಕೊಳ್ಳುವ ಭಂಗಿ ಬದಲಿಸಿದೆ, ಅದರಿಂದ ಏನೂ ಆಗೋದಿಲ್ಲ ಅಂತ ಗೊತ್ತಿದ್ದೂ ಅರ್ಧ ಗಂಟೆ ಕೂತು ಆರಿಸಿದೆ. ಕೊನೆಗೆ ಹಳೇ ಸೇವ್ ಫೈಲ್ ತೆಗೆದು ಅದೇ ಏಪ್ರಿಲ್ ತಿಂಗಳನ್ನು ನಾಲ್ಕು ಸಲ ಓಡಿಸಿದೆ. ನಾಲ್ಕನೇ ಏಪ್ರಿಲ್‌ನಲ್ಲಿ .240 ಬಂತು. ನೋಡಿ, ತಾಳ್ಮೆ ಇದ್ದರೆ ಹುಡುಗರು ಬೆಳೀತಾರೆ ಅಂತ ಗೆಳೆಯನಿಗೆ ಮೆಸೇಜೂ ಹಾಕಿದೆ.

ಅವನು ಎಂದಿನಂತೆ ಯಾಂಕೀಸ್ ತಂಡದ ಆರನ್ ಜಡ್ಜ್ ಕಥೆ ಶುರು ಮಾಡಿದ. 2016ರಲ್ಲಿ .179, 84 ಸಲ ಬ್ಯಾಟ್ ಹಿಡಿದು 42 ಸ್ಟ್ರೈಕ್‌ಔಟ್, ಮರುವರ್ಷ 52 ಹೋಮ್ ರನ್. ನಿಜಾನೇ. ಆದರೆ .179 ಹೊಡೆದು ಹಾಗೇ ಮಾಯವಾದವರ ಕಥೆಯನ್ನು ಯಾರೂ ಮೆಸೇಜ್ ಮಾಡೋದಿಲ್ಲ ಅಲ್ವಾ?

ಒಂದು ವಿಷಯ ಮುಚ್ಚಿಟ್ಟಿದ್ದೆ. ಹೋದ ವರ್ಷ ಹುಡುಗ ಚೆನ್ನಾಗಿ ಹೊಡೆಯುತ್ತಿದ್ದಾಗ ನಾನೇ ಅವನನ್ನು ಎರಡು ವಾರ ಕೆಳಗೆ ಕೂರಿಸಿದ್ದೆ. ಒಂದು ಸೀಸನ್ನಿನಲ್ಲಿ 172 ದಿನ ಮೇಜರ್ ಲೀಗಿನಲ್ಲಿದ್ದರೆ ಒಂದು ಪೂರ್ತಿ ವರ್ಷದ ಸರ್ವೀಸ್. ಇಂಥ ವರ್ಷಗಳು ಸಾಕಷ್ಟು ಕೂಡಿದರೆ ಆಟಗಾರ ಇಷ್ಟಬಂದ ತಂಡಕ್ಕೆ ಹೋಗಬಹುದು, ಒಂದು ದಿನ ಕಮ್ಮಿಯಾದರೂ ಅವನು ಇನ್ನೊಂದು ವರ್ಷ ನನ್ನ ಕೈಯಲ್ಲೇ. ಈ ಜಾಣತನ ನನ್ನದಲ್ಲ. 2015ರಲ್ಲಿ ಕ್ರಿಸ್ ಬ್ರಯಂಟ್ ಸ್ಪ್ರಿಂಗ್ ಟ್ರೈನಿಂಗ್‌ನಲ್ಲಿ, ಅಂದರೆ ಸೀಸನ್ನಿಗೆ ಮುಂಚಿನ ಅಭ್ಯಾಸ ಪಂದ್ಯಗಳಲ್ಲಿ, ಒಂಬತ್ತು ಹೋಮ್ ರನ್ ಹೊಡೆದ. ಫೀಲ್ಡಿಂಗ್ ಇನ್ನೂ ಸುಧಾರಿಸಬೇಕು ಅಂತ ಕಬ್ಸ್ ತಂಡ ಅವನನ್ನು ಕೆಳಗೆ ಕಳಿಸಿತು. ಏಪ್ರಿಲ್ 17ಕ್ಕೆ ಫೀಲ್ಡಿಂಗ್ ಸುಧಾರಿಸಿತು. ವರ್ಷದ ಕೊನೆಗೆ ಲೆಕ್ಕ 171 ದಿನ. ಅವನೇ ಆ ವರ್ಷ ನ್ಯಾಷನಲ್ ಲೀಗಿನ ಶ್ರೇಷ್ಠ ರೂಕಿ, ಅಂದರೆ ಹೊಸ ಆಟಗಾರ. ಬೇಕಂತಲೇ ದಿನ ಕಮ್ಮಿ ಮಾಡಿದರು ಅಂತ ದೂರು ಕೊಟ್ಟ, 2020ರಲ್ಲಿ ಸೋತ.

ಇದಕ್ಕೆ ತಂಡ ಕಟ್ಟುವ ದೂರದೃಷ್ಟಿ ಅಂತ ಹೆಸರು. ಸಾಕು ಮಾರಾಯ್ರೆ. ಚೆನ್ನಾಗಿ ಆಡಿದರೂ ಕೆಳಗೆ, ಆಡದಿದ್ದರೂ ಕೆಳಗೆ, ಅಲ್ಲಿ ನಿಜವಾದ ಟ್ರಿಪಲ್ ಎ ಹುಡುಗರಿಗೆ 2023ರಲ್ಲಿ ಒಪ್ಪಂದ ಆಗುವವರೆಗೂ ಕನಿಷ್ಠ ಸಂಬಳ ವರ್ಷಕ್ಕೆ 17,500 ಡಾಲರ್. ನನ್ನ ಹುಡುಗನಿಗೆ ಮನೆ ಬಾಡಿಗೆ ಇಲ್ಲ, ಅವರಿಗಿತ್ತು.

ಇರಲಿ. ನಿನ್ನೆ ರಾತ್ರಿ ಅವನನ್ನು ಮತ್ತೆ ಕೆಳಗೆ ಕಳಿಸಿದೆ. ಮೂರನೇ ಆಪ್ಶನ್ ವರ್ಷ (ಹೀಗೆ ಮನಸ್ಸಿಗೆ ಬಂದಂತೆ ಕೆಳಗೆ ಕಳಿಸಬಹುದಾದ ವರ್ಷ), ಕೊನೆಯದು. ಮೊದಲ ಪಂದ್ಯದಲ್ಲೇ ಎರಡು ಹೋಮ್ ರನ್ ಹೊಡೆದಿದ್ದಾನೆ.